ನಾಲಿಗೆಯ ನಕಾಶೆ

ಏಳನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದೊಂದು ನಾಲಿಗೆ ಬರೆದರು. ತುದಿಗೆ ಸಿಹಿ, ಪಕ್ಕಕ್ಕೆ ಉಪ್ಪು, ಅದರ ಹಿಂದೆ ಹುಳಿ, ಬುಡಕ್ಕೆ ಕಹಿ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಗೆರೆ ಎಳೆದು ಹಂಚಿಬಿಟ್ಟರು. ಚಿತ್ರಕ್ಕೆ ಎರಡು ಅಂಕ, ಭಾಗ ಗುರುತಿಸಿದರೆ ಇನ್ನೆರಡು. ಪರೀಕ್ಷೆಯಲ್ಲಿ ನನಗೆ ನಾಲ್ಕಕ್ಕೆ ನಾಲ್ಕೂ ಬಂತು.

ಆ ವರ್ಷದ ಯುಗಾದಿಗೆ ಅಜ್ಜಿ ಅಂಗೈಗೆ ಬೇವು-ಬೆಲ್ಲ ಹಾಕಿದಾಗ ನನ್ನೊಳಗಿನ ವಿಜ್ಞಾನಿ ಎಚ್ಚರಗೊಂಡ. ಬೇವಿನ ಹೂವೊಂದನ್ನು ಆರಿಸಿ ಸರಿಯಾಗಿ ತುದಿನಾಲಿಗೆಗೇ ಇಟ್ಟುಕೊಂಡೆ. ಸಿಹಿಯ ಸೀಮೆಯಲ್ಲಿ ಕಹಿಗೇನು ಕೆಲಸ? ಮರುಕ್ಷಣ ಮುಖ ಕಿವುಚಿತು. “ಬೇವು ಎಲ್ಲಿಟ್ರೂ ಬೇವೇ ಕಣೋ” ಎಂದು ಅಜ್ಜಿ ನಕ್ಕಳು. ಪುಸ್ತಕದ ಮೇಲೆ ನನಗೆ ಅನುಮಾನ ಬರಲಿಲ್ಲ. ನನ್ನ ನಾಲಿಗೆಯಲ್ಲೇ ಏನೋ ಐಬಿದೆ ಎಂದುಕೊಂಡು, ಯಾರಿಗೂ ಹೇಳದೆ ಸುಮ್ಮನಾದೆ.

ಐಬು ನಕಾಶೆಯದೆಂದು ತಿಳಿಯುವ ಹೊತ್ತಿಗೆ ಕೂದಲು ನೆರೆತಿತ್ತು. 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ನಾಲಿಗೆಯ ಅಂಚಿನುದ್ದಕ್ಕೂ ಬೇರೆ ಬೇರೆ ರುಚಿ ಸೋಕಿಸಿ ನೋಡಿದ್ದರು. ಒಂದೊಂದು ರುಚಿಗೆ ಒಂದೊಂದು ಜಾಗ ಕೊಂಚ ಚುರುಕು ಎಂಬುದಷ್ಟೇ ಅವರಿಗೆ ಕಂಡದ್ದು. 1942ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದಕ್ಕೊಂದು ಗ್ರಾಫ್ ಹಾಕಿದರು. ನೋಡಿದವರು ‘ಇಲ್ಲಿ ಕೊಂಚ ಹೆಚ್ಚು’ ಎಂಬುದನ್ನು ‘ಇಲ್ಲಿ ಮಾತ್ರ’ ಎಂದು ಓದಿಕೊಂಡರು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷಿಸಿದಾಗಲೂ ಸಿಕ್ಕ ವ್ಯತ್ಯಾಸ ತೀರಾ ಸಣ್ಣದು. ಒಂದು ರುಚಿಮೊಗ್ಗಿನಲ್ಲಿ 50ರಿಂದ 100 ಜೀವಕೋಶಗಳಿರುತ್ತವೆ. ಮೊಗ್ಗು ತುದಿಯಲ್ಲಿರಲಿ, ಬುಡದಲ್ಲಿರಲಿ, ಎಲ್ಲ ರುಚಿಯೂ ಅದಕ್ಕೆ ತಿಳಿಯುತ್ತದೆ. ಇನ್ನು ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲೇ ಗುರುತಿಸಿದ್ದ ಐದನೇ ರುಚಿ ‘ಉಮಾಮಿ’ಗೆ ನಮ್ಮ ಬೋರ್ಡಿನ ಪಾಲುಪಟ್ಟಿಯಲ್ಲಿ ಒಂದು ಗುಂಟೆಯೂ ಸಿಕ್ಕಿರಲಿಲ್ಲ.

ಮೇಷ್ಟ್ರ ಮೇಲೆ ಸಿಟ್ಟಿಲ್ಲ. ಅವರ ಮೇಷ್ಟ್ರೂ ಹಾಗೇ ಬರೆದು ತೋರಿಸಿರಬೇಕು. ಆದರೆ ಇದನ್ನು ಪರೀಕ್ಷಿಸಲು ಲ್ಯಾಬು ಬೇಕಿರಲಿಲ್ಲ. ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದೆವು, ನಲವತ್ತು ನಾಲಿಗೆಗಳಿದ್ದವು. ಒಂದಾದರೂ ಹೊರಚಾಚಲಿಲ್ಲ.

ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ, ತುದಿನಾಲಿಗೆಗೆ ಒಂದು ಹರಳು ಕಲ್ಲುಪ್ಪು ಇಟ್ಟುಕೊಂಡು ನೋಡಲು ಹೇಳಿ. ಪರೀಕ್ಷೆಯಲ್ಲಿ ಏನು ಬರೆಯಬೇಕೆಂಬುದನ್ನು ಆಮೇಲೆ ಮಾತಾಡಿದರಾಯಿತು.