ತುಪ್ಪ ಕರಗುವ ಲೆಕ್ಕ

ಸಂಸ್ಕೃತದಲ್ಲಿ ಎಣ್ಣೆಗೂ ಒಲುಮೆಗೂ 'ಸ್ನೇಹ'ವೆಂಬುದೊಂದೇ ಹೆಸರು. ಆದರೂ ಆ ಸ್ನೇಹವು ನೀರಿನೊಡನೆ ಮಾತ್ರ ಕೂಡದು. ಬಿಸಿ ಸಾರಿಗೆ ಬಡಿಸಿದ ತುಪ್ಪವು ಕರಗಿ ಹೊನ್ನಿನ ಬಿಲ್ಲೆಗಳಂತೆ ತೇಲುವುದು. ಸಾರು ಆರಿದರೆ ತೇಲಿದಲ್ಲಿಯೇ ಹೆಪ್ಪುಗಟ್ಟುವುದು. ಇದನ್ನು ಕಾಣದ ಗೃಹಸ್ಥರಿಲ್ಲ. ಇದರ ಲೆಕ್ಕವು ಎಷ್ಟು ತೊಡಕಿನದೆಂದು ಬಲ್ಲವರು ವಿರಳ.

ನಾವು ಬಹುಕಾಲ ಹುಡುಗರಿಗೆ ತರ್ಕಸಂಗ್ರಹವನ್ನು ಪಾಠ ಹೇಳಿದವರು. ಅದರಲ್ಲಿ ಅನ್ನಂಭಟ್ಟನು ದ್ರವತ್ವವನ್ನು ಎರಡು ಬಗೆಯಾಗಿ ವಿಂಗಡಿಸಿರುವನು. ನೀರಿನದು ಸಾಂಸಿದ್ಧಿಕ, ಎಂದರೆ ಸಹಜವಾದುದು. ತುಪ್ಪ, ಚಿನ್ನ ಮೊದಲಾದವುಗಳದು ನೈಮಿತ್ತಿಕ, ಎಂದರೆ ಅಗ್ನಿಸಂಯೋಗದಿಂದ ಬಂದುದು. ಇಂದಿನ ವಿಜ್ಞಾನವು ಈ ಭೇದವನ್ನು ಒಪ್ಪದು. ನೀರಿನ ದ್ರವತ್ವಕ್ಕೂ ಉಷ್ಣವೇ ನಿಮಿತ್ತ, ಹಿಮವೇ ಅದಕ್ಕೆ ಸಾಕ್ಷಿ. ಆ ನಿಮಿತ್ತಕ್ಕೆ ಅಳತೆಯುಂಟೆಂದು 1760ರ ಸುಮಾರಿನಲ್ಲಿ ಗ್ಲಾಸ್ಗೋವಿನ ಜೋಸೆಫ್ ಬ್ಲ್ಯಾಕ್ ತೋರಿಸಿದನು. ಈಗಿನ ಗಣನೆಯಂತೆ 1 ಗ್ರಾಂ ಹಿಮವು ನೀರಾಗಲು ಸುಮಾರು 80 ಕ್ಯಾಲೊರಿ ಉಷ್ಣವನ್ನು ನುಂಗುವುದು. ಆದರೂ ಕರಗಿ ಮುಗಿಯುವವರೆಗೆ ಉಷ್ಣಮಾನವು ಏರುವುದಿಲ್ಲ. ಇದೇ ಗುಪ್ತೋಷ್ಣ.

ಒಂದೇ ದ್ರವವು ನಿಶ್ಚಲವಾಗಿದ್ದರೆ ಲೆಕ್ಕವು ಸುಲಭ. ಧ್ರುವಸಮುದ್ರದ ಹಿಮವನ್ನು ಕುರಿತು ವಿಯೆನ್ನಾದ ಯೋಸೆಫ್ ಸ್ಟೆಫಾನನು 1889ರಲ್ಲಿ ಅಂತಹ ಲೆಕ್ಕವನ್ನು ಬರೆದನು: ಕಾಲವು ನಾಲ್ಮಡಿಯಾದರೆ ಹಿಮದ ದಪ್ಪವು ಇಮ್ಮಡಿಯಾಗುವುದು. ಆದರೆ ಬೆರೆಯದ ಎರಡು ದ್ರವಗಳಿದ್ದಲ್ಲಿ ಎಲ್ಲೆಗಳೂ ಎರಡು: ದ್ರವಕ್ಕೂ ದ್ರವಕ್ಕೂ ನಡುವೆ ಒಂದು, ಘನಕ್ಕೂ ದ್ರವಕ್ಕೂ ನಡುವೆ ಇನ್ನೊಂದು. ಎರಡೂ ಚಲಿಸುತ್ತಲೇ ಇರುವುವು. ಆದುದರಿಂದ ಪಂಡಿತರು ಪಾತ್ರೆಯನ್ನು ಚದುರಂಗದ ಹಲಗೆಯಂತೆ ಸಣ್ಣ ಸಣ್ಣ ಮನೆಗಳಾಗಿ ವಿಭಾಗಿಸಿ, ಗಣಕಯಂತ್ರದಿಂದ ಕ್ಷಣಕ್ಷಣದ ಲೆಕ್ಕವನ್ನು ಇಡಿಸುವರು. ಒಂದೊಂದು ಮನೆಯಲ್ಲಿ ಯಾವ ದ್ರವದ ಪಾಲು ಎಷ್ಟೆಂದು ಎಣಿಸುವ ಕ್ರಮವನ್ನು 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಪ್ರಕಟಿಸಿದರು. ಅರೆಕರಗಿದ ಮನೆಯನ್ನು ನೀರು ಕಷ್ಟದಿಂದ ಜಿನುಗುವ ಮರಳಿನಂತೆ ಭಾವಿಸುವ ಉಪಾಯವನ್ನು 1987ರಲ್ಲಿ ವೋಲರ್ ಮತ್ತು ಪ್ರಕಾಶ್ ವಿವರಿಸಿದರು.

ಇದು ಬರಿಯ ಬುದ್ಧಿವಿನೋದವೆ? ಅಲ್ಲ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನ ಪರಮಾಣು ಸ್ಥಾವರದಲ್ಲಿ ಇಂಧನಗರ್ಭದ ಸುಮಾರು ಅರ್ಧಭಾಗವು ಕರಗಿಹೋಯಿತು. ಸುದೈವದಿಂದ ಉಕ್ಕಿನ ಪಾತ್ರೆಯು ತಡೆದು ನಿಂತಿತು. ಅಂತಹ ಕರಗಿನಲ್ಲಿ ಲೋಹವೂ ಆಕ್ಸೈಡೂ ಎಣ್ಣೆನೀರುಗಳಂತೆ ಬೇರೆಯಾಗಬಲ್ಲವು. ಮೇಲೆ ತೇಲುವ ಲೋಹದ ಪದರವು ತೆಳುವಾದಷ್ಟೂ ಉಷ್ಣವೆಲ್ಲವೂ ಪಾತ್ರೆಯ ಗೋಡೆಯ ಕಿರಿದಾದ ಪಟ್ಟಿಯ ಮೇಲೆ ಬೀಳುವುದು. ಗೋಡೆಯು ತಡೆದೀತೆ, ಒಡೆದೀತೆ ಎಂಬುದರ ಮೇಲೆ ಸುತ್ತಲಿನ ಜನರ ಕ್ಷೇಮವು ನಿಂತಿದೆ. ಪರೀಕ್ಷೆಗೆಂದು ಸ್ಥಾವರಗಳನ್ನು ಕರಗಿಸಲಾದೀತೆ? ಲೆಕ್ಕವೇ ಗತಿ.

ಹಾಗಾದರೆ ಲೆಕ್ಕವನ್ನು ನಂಬುವುದೆಂತು? ಅಡುಗೆಮನೆಯಲ್ಲಿ ಹೊಗೆ ಬೆಂಕಿಗಳ ಸಂಬಂಧವನ್ನು ಕಂಡವನೇ ಪರ್ವತದ ಬೆಂಕಿಯನ್ನು ಅನುಮಾನಿಸಬಲ್ಲನೆಂದು ನಮ್ಮ ತಾರ್ಕಿಕರ ಮತ. ಇಲ್ಲಿಯೂ ಅದೇ ನ್ಯಾಯ. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವ ಗ್ಯಾಲಿಯಂ ಲೋಹವನ್ನು ಚಿಕ್ಕ ಪೆಟ್ಟಿಗೆಯಲ್ಲಿ ಕರಗಿಸಿ ಗೌ ಮತ್ತು ವಿಸ್ಕಾಂಟ ಎಂಬವರು 1986ರಲ್ಲಿ ಪ್ರಕಟಿಸಿದ ಅಳತೆಗಳೊಡನೆ ಇಂತಹ ಲೆಕ್ಕಗಳನ್ನು ಇಂದಿಗೂ ತಾಳೆನೋಡುವುದುಂಟು. ಚಿಕ್ಕ ಪಾತ್ರೆಯಲ್ಲಿ ಸೋತ ಲೆಕ್ಕವನ್ನು ದೊಡ್ಡ ಪಾತ್ರೆಗೆ ಒಯ್ಯಬಾರದು. ಮನೆಯ ಮಕ್ಕಳು ತುಪ್ಪವೇಕೆ ತೇಲುವುದೆಂದು ಕೇಳಿದರೆ ಗದರಿಸದೆ ಉತ್ತರ ಹೇಳುವುದು ಲೇಸು. ನಾಳೆ ಅಂತಹ ಲೆಕ್ಕವನ್ನು ಬರೆಯಬೇಕಾದವರು ಅವರೇ ಅಲ್ಲವೆ?