ಹತ್ತು ಸೆಕೆಂಡಿನ ಚಿತ್ರದಲ್ಲಿ ಉಳಿದವರು

ಫೋಟೊ ಅಲುಗಿದರೆ ಕೆಟ್ಟಿತು ಎಂದೇ ನಮ್ಮ ಲೆಕ್ಕ. ‘ಅಲ್ಲಾಡಬೇಡಿ, ಇಲ್ಲಿ ನೋಡಿ’ ಎಂದು ಮದುವೆ ಮನೆಯ ಫೋಟೊಗ್ರಾಫರ್ ಕೂಗುವುದನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಬೇಕೆಂದೇ ಅಲುಗಾಟವನ್ನು ಹಿಡಿಯುವ ಆಟವೊಂದಿದೆ. ಪಿಯುಸಿ ಓದುವ ಮಗಳು ಕಳೆದ ಬೇಸಿಗೆ ರಜೆಯಲ್ಲಿ ಶಿರಸಿ ಸಮೀಪದ ನಮ್ಮ ಊರಮನೆಯಲ್ಲಿ ಈ ಆಟಕ್ಕೆ ನನ್ನನ್ನೂ ಎಳೆದಳು.

ಕ್ಯಾಮೆರಾದ ಷಟರ್ ಕಣ್ಣಿನ ರೆಪ್ಪೆಯಿದ್ದಂತೆ. ಹಗಲಿನಲ್ಲಿ ಅದು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ತೆರೆದರೂ ಸಾಕು, ಚಿತ್ರ ಮೂಡುತ್ತದೆ. ಮಂದ ಬೆಳಕಿನಲ್ಲಿ ಅದನ್ನೇ ಹತ್ತು ಸೆಕೆಂಡು ತೆರೆದಿಟ್ಟರೆ? ಅಷ್ಟು ಹೊತ್ತು ಬಂದ ಬೆಳಕೆಲ್ಲ ಒಂದೇ ಚಿತ್ರದಲ್ಲಿ ಸೇರುತ್ತದೆ. ನಿಂತದ್ದು ನಿಚ್ಚಳವಾಗಿ ಕಾಣುತ್ತದೆ. ಚಲಿಸಿದ್ದು ಗೆರೆಯಾಗುತ್ತದೆ, ಇಲ್ಲವೇ ಹೊಗೆಯಂತೆ ಕರಗುತ್ತದೆ.

1838ರಲ್ಲಿ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದ. ಆಗ ಒಂದು ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಕುದುರೆಗಾಡಿಗಳು, ಓಡಾಡುವ ಜನ ಎಲ್ಲರೂ ಮಾಯ! ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ನಿಂತಿದ್ದ ಒಬ್ಬನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿಯಿತು. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಆತನೂ ಒಬ್ಬ ಎನ್ನುತ್ತಾರೆ.

ನಮ್ಮ ಮೊದಲ ಪ್ರಯೋಗ ನಕ್ಷತ್ರಗಳದು. ಗದ್ದೆ ಬಯಲಿನಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಉತ್ತರಕ್ಕೆ ತಿರುಗಿಸಿ, ಇಪ್ಪತ್ತು ನಿಮಿಷ ಷಟರ್ ತೆರೆದಿಟ್ಟೆವು. ‘ಪರೀಕ್ಷೆಯ ವರ್ಷ, ನಡುರಾತ್ರಿ ಗದ್ದೆಯಲ್ಲೇನು ಕೆಲಸ?’ ಎಂದು ನನ್ನವಳು ಗೊಣಗಿದಳು. ಚಿತ್ರದಲ್ಲಿ ಚುಕ್ಕೆಗಳೆಲ್ಲ ಧ್ರುವ ನಕ್ಷತ್ರದ ಸುತ್ತ ಬಾಗಿದ ಗೆರೆಗಳಾಗಿದ್ದವು. ಮಗಳು ಅದರ ಪ್ರಿಂಟ್ ಹಾಕಿಸಿ ತಂದು ಕೋನಮಾಪಕ ಇಟ್ಟಳು. ಹೆಚ್ಚುಕಡಿಮೆ ಐದು ಡಿಗ್ರಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಇಪ್ಪತ್ತು ನಿಮಿಷಕ್ಕೆ ಐದು. ಪುಸ್ತಕದಲ್ಲಿ ಓದಿದ್ದನ್ನು ಅವಳು ತಾನೇ ಅಳೆದಿದ್ದಳು. ಅವಳಮ್ಮನೂ ಪ್ರಿಂಟನ್ನು ಎರಡು ಸಲ ತಿರುಗಿಸಿ ನೋಡಿದಳು.

ಎರಡನೆಯದು ಮನೆಯ ಜಗಲಿಯಲ್ಲಿ. ಮುಸ್ಸಂಜೆಯ ಹೊತ್ತು. ಸ್ಟೂಲಿನ ಮೇಲೆ ಕ್ಯಾಮೆರಾ, ಬೆರಳು ತಾಗಿ ಅಲುಗದಂತೆ ಟೈಮರ್. ಹತ್ತು ಸೆಕೆಂಡು. ನಾವು ಎಂದಿನಂತೆ ಓಡಾಡುತ್ತಿದ್ದೆವು. ಚಿತ್ರ ನೋಡಿದರೆ, ಆರಾಮಕುರ್ಚಿಯಲ್ಲಿ ಅಪ್ಪ ಒಬ್ಬರೇ! ಒಂದು ಸೆಕೆಂಡು ಅವರ ಮುಂದೆ ನಿಂತು ಹೋದವರು ಅಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಉಳಿದ ಒಂಬತ್ತು ಪಾಲು ಹಿಂದಿನ ಗೋಡೆ. ಮಾತ್ರೆ ಕೊಟ್ಟು ಹೋದ ನಾನು ತೆಳು ಮಂಜಾಗಿದ್ದೆ.

ಕಾಲು ಮುರಿದ ಮೇಲೆ ಅಪ್ಪನಿಗೆ ಆ ಕುರ್ಚಿಯೇ ಲೋಕ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಮೊಮ್ಮಗಳನ್ನು ಕೇಳಿದರು: ‘ನೀವೆಲ್ಲ ಎಲ್ಲಿಗೆ ಹೋದಿರಿ ಕೂಸೇ?’

‘ಇಲ್ಲೇ ಇದ್ದೆವು ಅಜ್ಜ, ಕ್ಯಾಮೆರಾಕ್ಕೆ ಸಿಗಲಿಲ್ಲ’ ಎಂದಳು. ಹೇಳಿದವಳು ಮತ್ತೆ ಮಾತಾಡಲಿಲ್ಲ. ಮರುದಿನ ಸಂಜೆ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಕುಳಿತು, ಮೂವತ್ತು ಸೆಕೆಂಡಿಗೆ ಟೈಮರ್ ಒತ್ತಿಸಿದಳು. ‘ಉಸಿರಾದರೂ ಬಿಡಬಹುದೋ?’ ಎಂದು ಅಪ್ಪ ಕೇಳಿದರು. ಇಬ್ಬರೂ ನಕ್ಕಿದ್ದರಿಂದ ಮುಖಗಳು ಕೊಂಚ ಮಸುಕಾದವು. ಆದರೂ ಈ ಸಲ ಇಬ್ಬರೂ ಇದ್ದಾರೆ. ಚಿತ್ರ ತೆಗೆದ ಮೇಲೂ ಅವಳು ಏಳಲಿಲ್ಲ. ಅಪ್ಪ ತಾವು ಶಾಲೆಗೆ ಹೊಳೆ ದಾಟಿ ಹೋಗುತ್ತಿದ್ದ ಕಥೆ ತೆಗೆದಿದ್ದರು.

ಈಗ ಅನೇಕ ಮೊಬೈಲುಗಳಲ್ಲೂ ಷಟರ್ ಹೊತ್ತನ್ನು ನಾವೇ ಹೊಂದಿಸಬಹುದು. ಮಂದ ಬೆಳಕು, ಅಲುಗದ ಆಸರೆ, ಸ್ವಲ್ಪ ತಾಳ್ಮೆ ಇದ್ದರಾಯಿತು. ಮಕ್ಕಳೇ, ರಜೆಯಲ್ಲಿ ಮಾಡಿ ನೋಡಿ. ಹೆತ್ತವರೇ, ಓದು ಕೆಟ್ಟೀತೆಂದು ತಡೆಯಬೇಡಿ, ಜೊತೆಗೆ ಕುಳಿತುಕೊಳ್ಳಿ. ಮೊದಲ ಚಿತ್ರಕ್ಕೆ ಜಲಪಾತ ಹುಡುಕಿಕೊಂಡು ಹೋಗಬೇಕಿಲ್ಲ, ನಿಮ್ಮ ಮನೆಯ ಜಗಲಿಯೇ ಸಾಕು.