ಮೂವತ್ತೈದರಲ್ಲೊಂದು ಪಾಲು

ಪುಟ್ಟ ಮಾದರಿ ಕಟ್ಟುವುದು ಮಕ್ಕಳಾಟ ಎಂದು ನಂಬಿದವರೇ ಹೆಚ್ಚು. ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ತುಂಡುಗಳನ್ನು ನಕ್ಷೆ ನೋಡಿ ಅಂಟಿಸಿದರೆ ಮುಗಿಯಿತು ಎಂಬುದು ಅವರ ಎಣಿಕೆ. ಆದರೆ ಪೆಟ್ಟಿಗೆಯಲ್ಲಿರುವುದು ಸಾವಿರಾರು ಟ್ಯಾಂಕ್‌ಗಳ ಪೈಕಿ ಯಾವುದೋ ಒಂದು. ಇಂಥ ದಿನ, ಇಂಥ ಊರಲ್ಲಿ ಕಂಡ ಟ್ಯಾಂಕೇ ಬೇಕೆಂದರೆ ಕೆಲಸ ಬೇರೆಯೇ ಆಗುತ್ತದೆ. ನಾವು ಅಣ್ಣತಮ್ಮಂದಿರು ಕೈಗೆತ್ತಿಕೊಂಡದ್ದು ಅಂಥ ಕೆಲಸವನ್ನು. 2003ರ ಏಪ್ರಿಲ್‌ನಲ್ಲಿ ಬಗ್ದಾದ್ ಹೊಕ್ಕ ಅಮೆರಿಕದ ಎಂ1ಎ1 ಅಬ್ರಾಮ್ಸ್ ನಮ್ಮ ಆಯ್ಕೆಯಾಗಿತ್ತು.

ಟ್ಯಾಂಕ್ ಮಾದರಿಗಳಲ್ಲಿ 1:35ರ ಅಳತೆ ಬಹಳ ಜನಪ್ರಿಯ. ಇದರ ಮೂಲ ತಮಾಷೆಯದು. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರಿನಿಂದ ಓಡುವ ಟ್ಯಾಂಕ್ ಮಾಡಿದಾಗ ಅದರ ಹೊಟ್ಟೆಯಲ್ಲಿ ಎರಡು ಬ್ಯಾಟರಿಗಳು ಹಿಡಿಯಬೇಕಿತ್ತು. ಅದಕ್ಕೆ ಹೊಂದಿದ ಗಾತ್ರವೇ ಮುಂದೆ ರೂಢಿಯಾಯಿತು. ಈ ಲೆಕ್ಕದಲ್ಲಿ ಸುಮಾರು 9.8 ಮೀಟರ್ ಉದ್ದದ ಅಬ್ರಾಮ್ಸ್ 28 ಸೆಂಟಿಮೀಟರ್ ಆಗುತ್ತದೆ. ಅದರ 120 ಮಿಲಿಮೀಟರ್ ತೋಪಿನ ಬಾಯಿ ಮೂರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಆಳು ಐದು ಸೆಂಟಿಮೀಟರ್ ಎತ್ತರ.

ನಮಗೆ ಸಿಕ್ಕ ಕಿಟ್ 1991ರ ಗಲ್ಫ್ ಯುದ್ಧದ್ದು. ಅದರ ಮುಂಭಾಗದ, ನೆಲಬಾಂಬ್ ಸರಿಸುವ ನೇಗಿಲನ್ನು ಕೈಬಿಟ್ಟೆವು. 2003ರಲ್ಲಿ ಸ್ವಪಕ್ಷದವರೇ ಗುಂಡು ಹಾರಿಸದಿರಲೆಂದು ಟ್ಯಾಂಕಿನ ಮೈಗೆ ಗುರುತಿನ ಫಲಕಗಳನ್ನು ತೊಡಿಸಿದ್ದರು. ಅವನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದೆವು. ತೆಳ್ಳಗಿನ ಕಾಗದವನ್ನು ಅಂಟುನೀರಿನಲ್ಲಿ ಅದ್ದಿ ಸೈನಿಕರ ಚೀಲಗಳನ್ನು ಮಡಚಿದೆವು. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಎಳೆದರೆ ಕೂದಲಿನಂಥ ಆಂಟೆನಾ ಸಿಗುತ್ತದೆ. ವಿದ್ಯುತ್ ವೈರಿನೊಳಗಿನ ತಾಮ್ರದ ಎಳೆಗಳನ್ನು ಹೊಸೆದರೆ ಟ್ಯಾಂಕ್ ಎಳೆಯುವ ಹಗ್ಗ. ಮರಳು ಬಣ್ಣ ಬಳಿದು, ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯಿಂದ ಧೂಳು ಹಿಡಿಸಿದೆವು. "ಇಷ್ಟು ಚೆಂದ ಬಣ್ಣ ಹಾಕಿ ಮತ್ತೆ ಮಣ್ಣು ಮೆತ್ತುತ್ತೀರಲ್ಲ!" ಎಂದು ಉಮ್ಮ ನಕ್ಕರು.

ಧೂಳು ಎಲ್ಲಿ ಎಷ್ಟು ಕೂತಿತ್ತು, ಚೀಲ ಯಾವ ಕಡೆ ತೂಗುತ್ತಿತ್ತು ಎಂದು ತಿಳಿಯಲು ಆ ದಿನಗಳ ಚಿತ್ರಗಳೇ ಆಧಾರ. ಹುಡುಕುತ್ತಾ ಏಪ್ರಿಲ್ 8ರ ದೃಶ್ಯಗಳಿಗೆ ಬಂದೆವು. ಟೈಗ್ರಿಸ್ ನದಿಯ ಜುಮ್ಹೂರಿಯಾ ಸೇತುವೆಯ ಮೇಲೆ ಅಬ್ರಾಮ್ಸ್ ನಿಂತಿದೆ. ಅದನ್ನು ಚಿತ್ರೀಕರಿಸಿದ್ದು ಪ್ಯಾಲೆಸ್ಟೈನ್ ಹೋಟೆಲಿನಿಂದ. ಅನೇಕ ವಿದೇಶಿ ಪತ್ರಕರ್ತರು ಬೀಡುಬಿಟ್ಟಿದ್ದ ಹೋಟೆಲದು. ಆ ಟ್ಯಾಂಕ್ ಹಾರಿಸಿದ ಒಂದು ಶೆಲ್ ಹೋಟೆಲಿನ 15ನೇ ಮಹಡಿಗೆ ಬಡಿಯಿತು. ರಾಯಿಟರ್ಸ್‌ನ ತಾರಸ್ ಪ್ರೋತ್ಸ್ಯುಕ್, ಸ್ಪೇನಿನ ಟೆಲೆಸಿಂಕೋ ವಾಹಿನಿಯ ಹೊಸೆ ಕೌಸೊ ಎಂಬ ಇಬ್ಬರು ಕ್ಯಾಮೆರಾಮನ್‌ಗಳು ಪ್ರಾಣ ಕಳೆದುಕೊಂಡರು. ಅಲ್ಲಿ ಶತ್ರುವಿನ ವೀಕ್ಷಕನಿದ್ದಾನೆಂದು ಸೈನಿಕರು ಭಾವಿಸಿದ್ದರು ಎಂದ ಅಮೆರಿಕ ಸೇನೆ, ಅವರ ತಪ್ಪಿಲ್ಲವೆಂದಿತು. ದಾಳಿ ಉದ್ದೇಶಪೂರ್ವಕವಲ್ಲ, ಆದರೆ ತಪ್ಪಿಸಬಹುದಾಗಿತ್ತು ಎಂದು ಪತ್ರಕರ್ತರ ರಕ್ಷಣಾ ಸಮಿತಿಯ ವರದಿ ಹೇಳಿತು. ಹೋಟೆಲಿನಲ್ಲಿ ಪತ್ರಕರ್ತರಿರುವುದು ಮೇಲಧಿಕಾರಿಗಳಿಗೆ ಗೊತ್ತಿತ್ತು. ಆ ಎಚ್ಚರಿಕೆ ಟ್ಯಾಂಕಿನವರಿಗೆ ತಲುಪಿರಲಿಲ್ಲ.

ಟ್ಯಾಂಕಿಗೆ ಗುರುತಿನ ಫಲಕವಿತ್ತು. ಕ್ಯಾಮೆರಾ ಹಿಡಿದವನಿಗೆ ಏನಿತ್ತು?

ಸೇತುವೆಗೂ ಹೋಟೆಲಿಗೂ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಅಳತೆಯಲ್ಲಿ ಒಂದು ಕಿಲೋಮೀಟರ್ ಎಂದರೆ 28 ಮೀಟರಿಗೂ ಮಿಕ್ಕಿ. ಮೇಜಿನಿಂದ ಅಳೆದರೆ ಅಂಗಳ, ರಸ್ತೆ ದಾಟಿ ಎದುರು ಮನೆಯ ಕಿಟಕಿಗೆ ಮುಟ್ಟುತ್ತದೆ. ಹಾಗಾಗಿಯೇ ಮಾದರಿ ಕಟ್ಟುವವರ ಮೇಜಿನಲ್ಲಿ ಗುಂಡು ಹೊರಟ ಜಾಗವಿರುತ್ತದೆ, ಬಿದ್ದ ಜಾಗ ಇರುವುದಿಲ್ಲ. ಟ್ಯಾಂಕಿನ ಒಂದೊಂದು ಬೋಲ್ಟನ್ನೂ ನಾವು ಸರಿಯಾಗಿ ಕೂರಿಸಬಲ್ಲೆವಾದರೆ, ಅದು ತೋಪಿಗೆ ಎದುರಾಗಿ ನಿಂತು ಚಿತ್ರ ತೆಗೆದವರ ಋಣ.

ಪೀಠದ ಮೇಲೆ ಟ್ಯಾಂಕಿನ ಹೆಸರು, ಊರು, ಇಸವಿ ಬರೆಯುವುದು ವಾಡಿಕೆ. ನಾವು ಅದರ ಕೆಳಗೆ ಆ ಇಬ್ಬರ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ.